ಮಾನ್ಯ ಶಾಸಕರೇ, ನಮ್ಮ ಶಾಲೆಯ ಬೀರುವಿನ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಓಟು ಕೇಳಲು ನಮ್ಮ ಬೀದಿಗೆ ಬಂದಾಗ ನೀವು ನನ್ನನ್ನು "ಅಕ್ಕಾ" ಎಂದು ಕರೆದಿದ್ದಿರಿ. ಆ ಸಲಿಗೆಯಲ್ಲೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯವಳು. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ಮನೆಯವರು ಎರಡು ಎಕರೆಯಲ್ಲಿ ಶೇಂಗಾ ಬಿತ್ತುತ್ತಾರೆ. ಮಗಳು ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಇಬ್ಬರೂ ಓದುವುದು ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ. ಅದೇ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಸಮಿತಿಯಲ್ಲಿ, ನಾನೂ ಒಬ್ಬ ಸದಸ್ಯೆ.

ಏನು ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಬೀರುವಿನಲ್ಲಿರುವ ಕಥೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿಸಿ. ವಾರಕ್ಕೆ ಎರಡು ಪಿರಿಯಡ್ ಮಕ್ಕಳು ತಮ್ಮ ಸ್ವಂತ ಮಾತಲ್ಲಿ ಬರೆಯಲಿ, ತಮ್ಮತಮ್ಮಲ್ಲೇ ಚರ್ಚೆ ಮಾಡಲಿ, ಅದಕ್ಕೆ ಸಮಯ ಬಿಡಿಸಿ. ಕಟ್ಟಡ ಕೇಳುತ್ತಿಲ್ಲ. ಕಂಪ್ಯೂಟರ್ ಕೇಳುತ್ತಿಲ್ಲ. ಬೀಗ ತೆಗೆಸಿ, ಎರಡು ಪಿರಿಯಡ್ ಕೊಡಿಸಿ ಅಂತ ಕೇಳುತ್ತಿದ್ದೇನೆ.

ಇದನ್ನು ಎರಡು ವರ್ಷದಿಂದ ಹೇಳುತ್ತಲೇ ಇದ್ದೇನೆ. ಈಗ ಯಾಕೆ ಎಲ್ಲರ ಮುಂದೆ ಬರೆಯುತ್ತಿದ್ದೇನೆ ಅಂದರೆ, ಹೋದ ವಾರ ನಮ್ಮ ಮನೆಯಲ್ಲಿ ಒಂದು ಮಾತು ಕೇಳಿಸಿಕೊಂಡೆ. ಅದಕ್ಕೆ ಮುಂಚೆ 2023ರದ್ದು ಹೇಳಬೇಕು.

ಆಗ ಮಗಳು ಐದನೇ ತರಗತಿ. ಆ ವರ್ಷ ಮಳೆ ಹೇಗೆ ಕೈ ಕೊಟ್ಟಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಗಸ್ಟ್ ತಿಂಗಳಲ್ಲಿ ಶಾಲೆಯಲ್ಲಿ 'ಮಳೆಗಾಲ' ಅಂತ ಪ್ರಬಂಧ ಬರೆಯಲು ಹೇಳಿದರು. ಬೋರ್ಡ್ ಮೇಲೆ ಒಂದು ಪ್ರಬಂಧ ಇತ್ತು, ಅದನ್ನು ಇಳಿಸಿಕೊಳ್ಳಬೇಕಿತ್ತು. ಮಗಳು ಅದನ್ನು ಬಿಟ್ಟು ತನ್ನದೇ ಬರೆದಳು. ಅವಳು ಬರೆದದ್ದು ನನಗೆ ಬಾಯಿಪಾಠ ಆಗಿಹೋಗಿದೆ:

"ನಮ್ಮೂರಿಗೆ ಮಳೆಗಾಲ ಬಂದಿದೆ. ಮಳೆ ಬಂದಿಲ್ಲ. ಅಪ್ಪ ದಿನಾ ಸಂಜೆ ಬದುವಿನ ಮೇಲೆ ನಿಂತು ಮೋಡ ನೋಡುತ್ತಾರೆ. ಮೋಡ ಆಂಧ್ರದ ಕಡೆ ಹೋಗುತ್ತದೆ. ಮಧ್ಯಾಹ್ನ ಶೇಂಗಾ ಗಿಡದ ಎಲೆ ಮುಚ್ಚಿಕೊಳ್ಳುತ್ತದೆ. ಅದು ಕೈ ಮುಗಿಯುತ್ತಿದೆ ಅಂತ ಅಜ್ಜಿ ಹೇಳುತ್ತಾಳೆ."

ಇನ್ನೂ ಇತ್ತು, ಒಂದು ಪುಟದಷ್ಟು. ಹತ್ತು ವರ್ಷದ ಹುಡುಗಿ ಸರ್. ನೀರಿಲ್ಲದೆ ಶೇಂಗಾ ಎಲೆ ಮಡಚಿಕೊಳ್ಳುವುದನ್ನು ಅವಳು ಕಣ್ಣಾರೆ ನೋಡಿ ಬರೆದಿದ್ದಳು, ಅದನ್ನು ಯಾವ ಗೈಡ್‌ನಲ್ಲೂ ಓದಿರಲಿಲ್ಲ. ಆ ಪುಟಕ್ಕೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಬಿತ್ತು. "ಮಳೆಗಾಲ ಅಂದ್ರೆ ಮಳೆ ಬರ್ಬೇಕು, ಇದು ವಿಷಯಕ್ಕೆ ಸಂಬಂಧ ಇಲ್ಲ" ಅಂತ ಹೇಳಿ, ಎಲ್ಲರ ಮುಂದೆ ಹಾಳೆ ಹರಿದರು. ಬೋರ್ಡ್ ಮೇಲಿನದನ್ನು ಐದು ಸಲ ಬರೆಸಿದರು. ಅದರಲ್ಲಿ ಎಲ್ಲೆಲ್ಲೂ ಹಸಿರು ಇತ್ತು, ನವಿಲು ಗರಿ ಬಿಚ್ಚಿ ಕುಣಿಯುತ್ತಿತ್ತು, ರೈತನ ಮುಖದಲ್ಲಿ ನಗು ಇತ್ತು. ಆ ಹೊತ್ತಲ್ಲಿ ಮನೆಯವರು ಒಣಗಿದ ಶೇಂಗಾ ಹೊಲಕ್ಕೆ ಕುರಿ ಬಿಡುವುದಾ ಬೇಡವಾ ಅಂತ ಯೋಚನೆ ಮಾಡುತ್ತಿದ್ದರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕು ಬರಪೀಡಿತ ಅಂತ ನಿಮ್ಮ ಸರ್ಕಾರವೇ ಘೋಷಣೆ ಮಾಡಿತು. ಸರ್ಕಾರ ಬರೆದರೆ ಅದು ಆದೇಶ. ನನ್ನ ಮಗಳು ಬರೆದರೆ ಅದು ಹೇಗೆ ತಪ್ಪಾಗುತ್ತದೆ?

ಅವಳು ಹರಿದ ಹಾಳೆಯನ್ನು ಜಾಮಿಟ್ರಿ ಬಾಕ್ಸ್‌ನಲ್ಲಿ ಮಡಚಿ ತಂದಿದ್ದಳು. ಎರಡು ದಿನ ನಮಗೆ ತೋರಿಸಲೇ ಇಲ್ಲ.

ಈಗ ಹೋದ ವಾರದ ಮಾತು. ಮಗನಿಗೆ ಪ್ರಬಂಧ ಕೊಟ್ಟಿದ್ದರು. ಮತ್ತೆ ಮಳೆಗಾಲ. ಮತ್ತೆ ಅದೇ ನವಿಲು. ಅವನು ಪೆನ್ಸಿಲ್ ಕಚ್ಚುತ್ತಾ, "ಅಕ್ಕ, ನಮ್ಮ ಮನೆ ಸೋರಿದ್ದು ಬರೀಲಾ?" ಎಂದ. ನಾನು ಮಿಷನ್ ತುಳಿಯುತ್ತಿದ್ದೆ. ಮಗಳು ತಲೆ ಎತ್ತದೆ ಹೇಳಿದಳು, "ಬೇಡ ಕಣೋ. ಸುಮ್ನೆ ಬೋರ್ಡಲ್ಲಿ ಇರೋದು ಬರಿ. ಸ್ವಂತದ್ದು ಬರೆದ್ರೆ ಹರೀತಾರೆ."

ನನಗೆ ಕಾಲು ಆಡಲಿಲ್ಲ ಸರ್. ಅವಳು ಅದನ್ನು ಬೇಜಾರಿನಲ್ಲೂ ಹೇಳಲಿಲ್ಲ. ರಸ್ತೆ ದಾಟುವಾಗ ಆ ಕಡೆ ಈ ಕಡೆ ನೋಡು ಅಂತ ತಮ್ಮನಿಗೆ ಹೇಳುತ್ತಾರಲ್ಲ, ಹಾಗೆ ಹೇಳಿದಳು.

ಇದೇ ಮಕ್ಕಳು ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿಯಲ್ಲಿ ಹೇಗಿದ್ದರು ಗೊತ್ತಾ? ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡ್ ಹಿಡಿದು, ಹಾಡು ಕಥೆ ಗಲಾಟೆ. ಮನೆಗೆ ಬಂದರೂ ಮಾತು ನಿಲ್ಲುತ್ತಿರಲಿಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಸೇರಿ ಶುರು ಮಾಡಿದ ಪದ್ಧತಿ ಅದು. ಚೆನ್ನಾಗಿದೆ ಅಂತಲೇ ಇಡೀ ರಾಜ್ಯಕ್ಕೆ ತಂದರು. ಆದರೆ ನಾಲ್ಕನೇ ತರಗತಿಗೆ ಬಂದ ದಿನವೇ ಅದು ನಿಂತುಹೋಗುತ್ತದೆ. ಬೆಂಚು, ಬೋರ್ಡು, ನೋಟ್ಸು, "ಕೈ ಕಟ್ಟಿ, ಬಾಯಿ ಮುಚ್ಚಿ". ಮೂರು ವರ್ಷ ಮಾತು ಕಲಿಸಿ ನಾಲ್ಕನೇ ವರ್ಷ ಬಾಯಿ ಮುಚ್ಚಿಸುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಬೀರುವಿನ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಆಫೀಸ್ ರೂಮಿನಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರೊಳಗೆ ಬಣ್ಣಬಣ್ಣದ ಕಥೆ ಪುಸ್ತಕ ಇವೆ, ಚಿತ್ರದ ಕಾರ್ಡ್ ಇವೆ, ಒಂದು ಕಟ್ಟು ಡ್ರಾಯಿಂಗ್ ಶೀಟ್ ಇದೆ. ನಾನೇ ನೋಡಿದ್ದೇನೆ, ಆಡಿಟ್‌ನವರು ಬಂದ ದಿನ. ಕೆಲವು ಪುಸ್ತಕದ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. "ಮಕ್ಕಳಿಗೆ ಕೊಡಿ ಸರ್" ಎಂದು ಮೇಷ್ಟ್ರಿಗೆ ಹೇಳಿದೆ. "ಹರಿದು ಹಾಕ್ತಾರಮ್ಮಾ, ಆಮೇಲೆ ಲೆಕ್ಕ ಯಾರು ಕೊಡ್ತಾರೆ?" ಎಂದರು. ಎಸ್‌ಡಿಎಂಸಿ ಸಭೆಯಲ್ಲಿ ಮೂರು ಸಲ ಎತ್ತಿದೆ. ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ತಾಲ್ಲೂಕಿನ ಕಚೇರಿಗೆ ಹೋದೆ. ಹೋದ ದಿನ ಎರಡು ಬ್ಲೌಸಿನ ಕೂಲಿ ಹೋಯಿತು, ಬಸ್ಸು ಬೇರೆ ತಪ್ಪಿತು, ಕತ್ತಲಾದ ಮೇಲೆ ಮನೆ ಸೇರಿದೆ. ಅಲ್ಲಿ "ಮೇಲಿನಿಂದ ಆದೇಶ ಬರಲಿ" ಎಂದರು. ಇನ್ನೊಂದು ಸಲ ಹೋದಾಗ ಅರ್ಜಿ ಇಸಿದುಕೊಂಡರು, ಸೀಲು ಹಾಕಿಕೊಟ್ಟರು. ಆ ಸೀಲಿನ ಕಾಗದ ಮನೆಯಲ್ಲಿದೆ. ಬೀರುವಿಗೆ ಬೀಗ ಹಾಗೇ ಇದೆ.

ಯಾವ ಆದೇಶ ಬರಬೇಕು ಸರ್? ಕಾನೂನು ನಿಮ್ಮಂಥವರೇ ಮಾಡಿದ್ದು, ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ, ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ದಿನಪತ್ರಿಕೆ, ಮ್ಯಾಗಜೀನ್, ಕಥೆ ಪುಸ್ತಕ ಇರಬೇಕು ಅಂತ. 29ನೇ ಸೆಕ್ಷನ್‌ನಲ್ಲಿ ಮಗು ಭಯ ಇಲ್ಲದೆ ತನ್ನ ಅಭಿಪ್ರಾಯ ಹೇಳುವಂತಾಗಬೇಕು ಅಂತ ಇದೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆ ಅಂತಲೇ ಒಂದು ಶಾಲೆಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ಇದೆ. ದುಡ್ಡು ಇದೆ, ಪುಸ್ತಕ ಇದೆ, ಕಾನೂನು ಇದೆ. ಮಕ್ಕಳ ಕೈಗೆ ಮಾತ್ರ ಬರುವುದಿಲ್ಲ. 2020ರಲ್ಲಿ ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದು ಒಳ್ಳೆಯ ಕೆಲಸವೇ. ಆದರೆ ಆ ಗ್ರಂಥಾಲಯ ನಮ್ಮೂರಿಂದ ನಾಲ್ಕು ಕಿಲೋಮೀಟರ್. ಒಂಬತ್ತು ವರ್ಷದ ಹುಡುಗ ನಡೆದು ಹೋಗಲು ಆಗುತ್ತಾ?

ಮೇಷ್ಟ್ರುಗಳ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಹಾಳೆ ಹರಿದವರ ಮೇಲೆ ನನಗೆ ತುಂಬಾ ಸಿಟ್ಟಿತ್ತು, ಈಗ ಅಷ್ಟಿಲ್ಲ. ಇರುವ ಇಬ್ಬರು ಟೀಚರ್ ಎಷ್ಟು ಅಂತ ಮಾಡುತ್ತಾರೆ? ಹಾಲು, ಮೊಟ್ಟೆ ಲೆಕ್ಕ ಅವರೇ ಬರೆಯಬೇಕು, ಆನ್‌ಲೈನ್ ಎಂಟ್ರಿ ಅವರೇ ಮಾಡಬೇಕು. 2025ರ ದಸರಾ ರಜೆಯಲ್ಲಿ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದೂ ಅವರೇ. ನಲವತ್ತು ಮಕ್ಕಳು ನಲವತ್ತು ಥರ ಬರೆದರೆ ಓದಿ ತಿದ್ದಲು ಅವರಿಗೆ ಹೊತ್ತೆಲ್ಲಿದೆ? ಎಲ್ಲರದ್ದೂ ಒಂದೇ ಥರ ಇದ್ದರೆ ಟಿಕ್ ಹಾಕುವುದು ಸುಲಭ. ಅದಕ್ಕೇ ಸಮಯ ಕೊಡಿಸಿ ಅಂತ ಕೇಳುತ್ತಿರುವುದು. ವೇಳಾಪಟ್ಟಿಯಲ್ಲೇ ಎರಡು ಪಿರಿಯಡ್ ಇದ್ದರೆ, ಆ ಬರಹಕ್ಕೆ ಅಂಕ ಕೊಡಬೇಕಿಲ್ಲ ಅಂತ ಇದ್ದರೆ, ಅವರಿಗೂ ಭಾರ ಕಡಿಮೆ, ಅಲ್ವಾ?

ಚರ್ಚೆ ಅಂತ ಯಾಕೆ ಹೇಳಿದೆ ಅಂದರೆ, ಈ ಸಲದ ಮಕ್ಕಳ ಗ್ರಾಮಸಭೆಗೆ ನಾನೂ ಹೋಗಿದ್ದೆ. ಮಕ್ಕಳು ತಮ್ಮ ಕಷ್ಟ ತಾವೇ ಹೇಳಲಿ ಅಂತ ಇರುವ ಸಭೆ ಅದು. ಐದು ಮಕ್ಕಳ ಕೈಯಲ್ಲಿ ಐದು ಚೀಟಿ, ದೊಡ್ಡವರು ಬರೆದುಕೊಟ್ಟದ್ದು. ಒಬ್ಬ ಹುಡುಗ ಎದ್ದು "ನಮ್ಮ ಶಾಲೆಗೆ ಕಾಂಪೌಂಡ್ ಬೇಕು" ಅಂತ ಓದಿದ. ಪಿಡಿಒ ಮೇಡಂ ಪ್ರೀತಿಯಿಂದಲೇ ಕೇಳಿದರು, "ಯಾಕೆ ಬೇಕು ಮರಿ?" ಹುಡುಗ ಚೀಟಿ ತಿರುಗಿಸಿ ಹಿಂದುಗಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಅವನು ಕೂತುಬಿಟ್ಟ. ದಿನಾ ಶಾಲೆಯೊಳಗೆ ದನ ನುಗ್ಗುವುದು ಅವನಿಗೆ ಗೊತ್ತು, ಓಡಿಸುವವನೂ ಅವನೇ. ಗೊತ್ತಿರುವುದನ್ನು ಬಾಯಿ ಬಿಟ್ಟು ಹೇಳುವ ಅಭ್ಯಾಸ ಅವನಿಗೆ ಯಾರೂ ಮಾಡಿಸಿಲ್ಲ.

ಇಂಥ ಅಭ್ಯಾಸಕ್ಕೆ ದೊಡ್ಡ ಸಾಮಾನು ಬೇಕಾಗಿಲ್ಲ. ಇದನ್ನು ನಾನು ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಟೀಚರ್ ಅಲ್ಲ. ಈಗ ನಾಲ್ಕು ತಿಂಗಳಿಂದ ಭಾನುವಾರ ಮಧ್ಯಾಹ್ನ ನಮ್ಮ ಮನೆ ಕಟ್ಟೆ ಮೇಲೆ ಓಣಿಯ ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಹನ್ನೊಂದು ಮಕ್ಕಳು ಬರುತ್ತಾರೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಮೊಬೈಲ್‌ನಲ್ಲೇ ಸಿಗುತ್ತದೆ, ಕನ್ನಡದ ಕಥೆ ಪುಸ್ತಕ ಬೇಕಾದಷ್ಟಿವೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಲು ದುಡ್ಡು ಕೊಡಬೇಕಾಗಿಲ್ಲ. ಎರಡು ಪುಸ್ತಕಕ್ಕೆ ಜೆರಾಕ್ಸ್ ಅಂಗಡಿಯಲ್ಲಿ 64 ರೂಪಾಯಿ ಆಯಿತು. ಅರ್ಧ ಕಥೆ ಓದಿ ನಿಲ್ಲಿಸುತ್ತೇನೆ, "ಮುಂದೇನಾಯ್ತು, ನೀವೇ ಬರೀರಿ" ಅನ್ನುತ್ತೇನೆ. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯುತ್ತಾರೆ. ಕಾಗುಣಿತ ತಪ್ಪಿದರೆ ಅವತ್ತು ತಿದ್ದುವುದಿಲ್ಲ, ಮೊದಲು ಮಾತು ಹೊರಗೆ ಬರಲಿ.

ಚರ್ಚೆಗೆ ಒಂದು ತೆಂಗಿನ ಚಿಪ್ಪು ಇಟ್ಟುಕೊಂಡಿದ್ದೇವೆ. ಚಿಪ್ಪು ಯಾರ ಕೈಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಮುಂದಿನವರು ಮಾತಾಡುವ ಮುಂಚೆ ಹಿಂದಿನವರು ಏನು ಹೇಳಿದರು ಅಂತ ಒಂದು ಮಾತಲ್ಲಿ ಹೇಳಬೇಕು. ಮೊದಲ ಎರಡು ವಾರ ಬರೀ ಕಿತ್ತಾಟ. ಮೂರನೇ ವಾರ "ನಮ್ಮೂರಿಗೆ ಮೊದಲು ಕೆರೆ ಹೂಳು ತೆಗೆಸಬೇಕಾ, ಬೆಳಗಿನ ಬಸ್ ಬರಬೇಕಾ" ಅಂತ ಒಂದು ಗಂಟೆ ಮಾತಾಡಿದರು. ಬಸ್ ಬೇಕು ಅಂತ ಶುರು ಮಾಡಿದ ಹುಡುಗಿ ಕೊನೆಗೆ "ಇಲ್ಲ, ಅವನು ಹೇಳಿದ್ದು ಸರಿ, ಕೆರೆ ಮೊದಲು" ಎಂದಳು. ಒಪ್ಪಿಕೊಳ್ಳಲು ಅವಳಿಗೆ ನಾಚಿಕೆ ಆಗಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಕುರಿ ಕಾಯುವವರ ಮನೆಯ ಒಬ್ಬ ಹುಡುಗ ಇದ್ದಾನೆ. ಶಾಲೆಯಲ್ಲಿ ಹೆಸರು ಕೂಗಿದರೆ 'ಎಸ್ ಸರ್' ಅನ್ನಲೂ ಹಿಂಜರಿಯುತ್ತಾನೆ. ಅವನು ಒಂದು ಭಾನುವಾರ ನಾಯಕನಹಟ್ಟಿ ಜಾತ್ರೆಯ ಕಥೆ ಹೇಳಿದ. ಕೊಬ್ಬರಿ ಸುಡುವ ಹೊಗೆಯಲ್ಲಿ ಅಪ್ಪನ ಕೈ ತಪ್ಪಿ, ತೇರಿನ ಗಾಲಿ ತನಗಿಂತ ಎತ್ತರ ಕಂಡು ಹೆದರಿ, ಯಾರದೋ ಅಜ್ಜಿ ಸೆರಗು ಹಿಡಿದುಕೊಂಡು ನಿಂತಿದ್ದು. ಎಲ್ಲ ಮಕ್ಕಳೂ ಉಸಿರು ಬಿಗಿಹಿಡಿದು ಕೇಳಿದರು. ಹೇಳಿ ಮುಗಿಸಿ ನನ್ನನ್ನು ಕೇಳಿದ, "ಅಕ್ಕ, ಇದನ್ನ ಬರೀಬಹುದಾ? ಪುಸ್ತಕದಲ್ಲಿ ಇಲ್ವಲ್ಲ."

ನೋಡಿ ಸರ್, ಇದು ಜನಪದ ಹಾಡುಗಾರ್ತಿ ಸಿರಿಯಜ್ಜಿ ಹುಟ್ಟಿದ ಜಿಲ್ಲೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಆ ತಾಯಿ ಶಾಲೆ ಮೆಟ್ಟಿಲು ಹತ್ತಿದವರಲ್ಲ, ಸಾವಿರಾರು ಪದ ಬಾಯಲ್ಲೇ ಇಟ್ಟುಕೊಂಡಿದ್ದರು. ಓದಿದವರು ಅವರ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋದರು. ಅಂಥ ನೆಲದ ಮಗು ಇವತ್ತು ತನ್ನ ಮಾತು ಬರೆಯಬಹುದಾ ಅಂತ ಅನುಮತಿ ಕೇಳುತ್ತಿದೆ.

ತಾಲ್ಲೂಕಿನ ಅಭಿವೃದ್ಧಿ ಕೆಲಸ ವಿಚಾರಿಸುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಶಿಕ್ಷಣಾಧಿಕಾರಿಗಳು ಆ ಸಭೆಗೆ ಬಂದೇ ಬರುತ್ತಾರೆ. ಎಷ್ಟು ಶಾಲೆಗೆ ಪುಸ್ತಕ ಹೋಗಿದೆ ಅಂತ ಕೇಳಬೇಡಿ, ಅದಕ್ಕೆ ಪಟ್ಟಿ ರೆಡಿ ಇರುತ್ತದೆ. ಹೋದ ತಿಂಗಳು ಎಷ್ಟು ಮಕ್ಕಳು ಪುಸ್ತಕ ಮನೆಗೆ ಒಯ್ದರು ಅಂತ ಕೇಳಿ. ಪುಸ್ತಕ ಹರಿದರೆ ಮೇಷ್ಟ್ರ ಸಂಬಳದಿಂದ ಹಿಡಿಯುವುದಿಲ್ಲ ಅಂತ ಅಲ್ಲೇ ಬರವಣಿಗೆಯಲ್ಲಿ ಕೊಡಿಸಿ, ಅರ್ಧ ಬೀಗ ಅವತ್ತೇ ತೆಗೆಯುತ್ತದೆ. ಓದಿದ ಪುಸ್ತಕ ಹರಿಯುತ್ತದೆ ಸರ್, ಹರಿಯಲಿ ಬಿಡಿ. ವಾರಕ್ಕೆ ಎರಡು ಪಿರಿಯಡ್ ವೇಳಾಪಟ್ಟಿಯಲ್ಲಿ ಬರೆಸಿ. ಗೋಡೆ ಮೇಲೆ ಮಕ್ಕಳ ಬರಹ ಅಂಟಿಸಲು ಒಂದಿಷ್ಟು ಜಾಗ ಬಿಡಿಸಿ. ಅನುದಾನದಲ್ಲಿ ಬಿಳಿ ಹಾಳೆ, ಸ್ಕೆಚ್ ಪೆನ್ ತರಿಸಿ.

ಮುಂದಿನ ಸಲ ನಮ್ಮೂರಿಗೆ ಬಂದಾಗ ಶಾಲೆಗೂ ಒಂದು ಗಳಿಗೆ ಬನ್ನಿ. ಹಾರ ಶಾಲು ನಾವು ತರುವುದಿಲ್ಲ. ನಾಲ್ಕನೇ ತರಗತಿಗೆ ಹೋಗಿ ಯಾವುದಾದರೂ ಮಗುವಿನ ಪ್ರಬಂಧದ ನೋಟ್‌ಬುಕ್ ತೆಗೆಯಿರಿ, ಪಕ್ಕದ ಮಗುವಿನದ್ದೂ ತೆಗೆಯಿರಿ, ಎರಡನ್ನೂ ಒಟ್ಟಿಗೆ ಓದಿ. ಆಮೇಲೆ ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಕೇಳಿ. ನಮ್ಮ ಮನೆ ಶಾಲೆಯ ಹಿಂದಿನ ಓಣಿಯಲ್ಲೇ. ಮಗಳ ಹರಿದ ಹಾಳೆಗೆ ಹಿಂದಿನಿಂದ ಕಾಗದ ಅಂಟಿಸಿ ಇಟ್ಟಿದ್ದೇನೆ. ಬಂದರೆ ಅವಳ ಕೈಯಲ್ಲೇ ಓದಿಸುತ್ತೇನೆ.

ಬೀಗ ತೆಗೆಸಿ ಸರ್. ಎರಡು ಪಿರಿಯಡ್ ಕೊಡಿಸಿ.

ಇಂತಿ,
ಇಬ್ಬರು ಮಕ್ಕಳ ತಾಯಿ, ಎಸ್‌ಡಿಎಂಸಿ ಸದಸ್ಯೆ
ಚಿತ್ರದುರ್ಗ ಜಿಲ್ಲೆ