ಕರಡಿ ಕಾವಲಿಗೆ ನಿಂತವರಿಗೆ

ಉತ್ತರ ಧ್ರುವದ ಹತ್ತಿರವಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಸಮುದ್ರದ ಮಂಜುಗಡ್ಡೆಯ ಮೇಲೆ ವಿದ್ಯಾರ್ಥಿಗಳು ಅಧ್ಯಯನಕ್ಕೆ ಗಡ್ಡೆಯ ಮಾದರಿ ಕೊರೆಯುವಾಗ ಬಂದೂಕು, ಕರಡಿಯನ್ನು ಬೆದರಿಸಿ ಓಡಿಸುವ ಫ್ಲೇರ್ ಪಿಸ್ತೂಲು ಹಿಡಿದು ಹಿಮಕರಡಿಗಾಗಿ ಕಣ್ಣಿಟ್ಟು ಕಾದವರೇ, ನಿಮಗೆ ಮನಃಪೂರ್ವಕ ಧನ್ಯವಾದ. ಕೊರೆಯುವವರಿಗೆ ಮೈ ಬಿಸಿಯಾಗುತ್ತದೆ. ಸುಮ್ಮನೆ ನಿಲ್ಲುವ ಕಾವಲಿನವರನ್ನೇ ಚಳಿ ಹೆಚ್ಚು ಹಿಂಡುವುದು.

ಕೊರೆಯುವ ಕೆಲಸದಲ್ಲಿ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಮಂಜುಗಡ್ಡೆಯ ಉದ್ದನೆಯ ತುಂಡು ಕೊರೆಯುವ ಕೊಳವೆಯಿಂದ ಹೊರಬರುತ್ತಿದ್ದಂತೆ ಅದರೊಳಗಿನ ಉಪ್ಪುನೀರು ಸೋರತೊಡಗುತ್ತದೆ, ತಳಭಾಗದಲ್ಲಂತೂ ಬಲು ಬೇಗ. ತಡವಾದರೆ ಲವಣಾಂಶ ಇದ್ದದ್ದಕ್ಕಿಂತ ಕಡಿಮೆ ಸಿಗುತ್ತದೆ. ಹಾಗಾಗಿ ಪ್ರತಿ 10 ಸೆಂ.ಮೀ.ಗೆ ಸಣ್ಣ ತೂತು ಕೊರೆದು ಉಷ್ಣತೆ ನೋಡಿ, ಕೂಡಲೇ ಗರಗಸದಿಂದ ಕತ್ತರಿಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಬೇಕು. ಉಷ್ಣತೆಗೊಂದು, ಲವಣಾಂಶಕ್ಕೊಂದು ಬೇರೆ ತುಂಡು ತೆಗೆಯುವುದೇ ಮೇಲು. ನೀವು ಸುತ್ತ ನೋಡುತ್ತಿದ್ದಿರಿ ಅಂತಲೇ ಇಷ್ಟೂ ಅವಸರವಿದ್ದರೂ ಅಚ್ಚುಕಟ್ಟಾಗಿ ನಡೆಯಿತು.

ನೀವು ಹೇಳಿಕೊಟ್ಟದ್ದೂ ಕಡಿಮೆಯಲ್ಲ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ, ತಣಿದರೆ ಚಾರ್ಜ್ ಇದ್ದೂ ಕೈಕೊಡುತ್ತದೆ. ಶಾಯಿ ಗಟ್ಟಿಯಾಗುತ್ತದೆ, ಪೆನ್ಸಿಲ್ಲಿನಲ್ಲೇ ಬರೆಯಿರಿ. ಸ್ಕ್ರೂ ತಿರುಗಿಸುವಾಗಲೂ ತೆಳು ಕೈಗವಸು ತೆಗೆಯಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು: ಜೊತೆಯವರ ಕೆನ್ನೆಯಲ್ಲಿ ಮೇಣದಂತಹ ಬಿಳಿ ಮಚ್ಚೆ ಕಂಡರೆ ಅದು ಚಳಿಗೆ ಚರ್ಮ ಹೆಪ್ಪುಗಟ್ಟುತ್ತಿರುವ ಗುರುತು, ಉಜ್ಜಬಾರದು, ಉಜ್ಜಿದರೆ ಚರ್ಮಕ್ಕೇ ಪೆಟ್ಟು. ಬೆಚ್ಚಗಿನ ಅಂಗೈ ಒತ್ತಿ ಹಿಡಿದು, ಬಣ್ಣ ಮರಳದಿದ್ದರೆ ಕೆಲಸ ಅಲ್ಲಿಗೇ ಬಿಟ್ಟು ಒಳಗೆ ಕರೆದೊಯ್ಯಬೇಕು.