ಭಾನುವಾರದ ವಾಕ್ಯ, ಜೊತೆಗೊಂದು ಕೋರಿಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೈಬಲಿನಲ್ಲಿರುವ, ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 14ನೇ ಅಧ್ಯಾಯ. ಓದಿಕೊಂಡು ಬನ್ನಿ. ಅಲ್ಲಿನ ಸಭೆಯಲ್ಲಿ ತಕರಾರು ಊಟದ್ದು! ಕೆಲವರು ಬರೀ ಕಾಯಿಪಲ್ಯ ತಿನ್ನುವವರು, ಕೆಲವರು ಎಲ್ಲವನ್ನೂ. ತಿನ್ನುವವನು ತಿನ್ನದವನನ್ನು ಹೀನಾಯವಾಗಿ ನೋಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು ಅಂತಾನೆ ಪೌಲ. ಇದರಲ್ಲಿ ನಮಗೆ ಬೇಕಾದ ಅರ್ಧ ಮಾತ್ರ ನಮಗೆ ನೆನಪಿರುತ್ತದೆ, ಅಲ್ವಾ?

ಕಳೆದ ವಾರ ಆರಾಧನೆ ಮುಗಿದ ಮೇಲೆ ಮಣಿಪುರದಿಂದ ಬಂದಿರುವ ಹುಡುಗರು ಚಹಾ ಲೋಟ ಹಿಡಿದು ಬಾಗಿಲ ಹತ್ತಿರವೇ ನಿಂತಿದ್ದರು. ಒಬ್ಬನ ಕೈಯಲ್ಲಿ ನಮ್ಮ ಕೀರ್ತನೆ ಪುಸ್ತಕ ತಲೆಕೆಳಗಾಗಿತ್ತು. ನಾವೆಲ್ಲ ನಮ್ಮ ನಮ್ಮ ಗುಂಪಿನಲ್ಲಿ ಹರಟೆ. ನಾನೂ ಅಷ್ಟೇ.

ಈ ವಾರ ಅವರ ಪಕ್ಕ ಕೂರೋಣ. ಹಾಡಿನ ಪುಟ ತೋರಿಸಿ. ಹೆಸರು ಕೇಳಿ, ಸರಿಯಾಗಿ ಹೇಳೋದನ್ನು ಕಲಿಯಿರಿ. ಊಟ ತರುವವರು ಒಂದು ಡಬ್ಬಿ ತರಕಾರಿ ಪಲ್ಯವನ್ನೂ ತನ್ನಿ.