ಮದ್ದುಗುಂಡು ಎಲ್ಲಿಂದ ಬರುತ್ತಿತ್ತು ಎಂದು ಮೊದಲು ಕೇಳು

ಚಿ. ಶಾರದೆಗೆ ದೊಡ್ಡಪ್ಪನ ಆಶೀರ್ವಾದಗಳು.

ಇಟಲಿಯ ಆಕ್ರಮಣದ ವಿರುದ್ಧ ಕಾದಾಡಿದ ಲಿಬಿಯಾದ ನಾಯಕ ಉಮರ್ ಅಲ್-ಮುಖ್ತಾರ್ ಬಗ್ಗೆ ನೀನು ಬರೆದ ಲೇಖನದ ಕರಡನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ, ಮನಸ್ಸಿಟ್ಟು ಬರೆದಿದ್ದೀಯ. ಆದರೆ ಪುಟಪುಟಕ್ಕೂ ‘ಸಿಂಹ’ ಬರುತ್ತದೆ, ಬಾರ್ಲಿ ಒಂದು ಕಡೆಯೂ ಇಲ್ಲ. ಧೈರ್ಯದ ವರ್ಣನೆ ಧಾರಾಳವಾಗಿದೆ; ಆ ಧೈರ್ಯವಂತರು ರಾತ್ರಿ ಏನು ಉಂಡರು, ಬಂದೂಕಿಗೆ ಗುಂಡು ಯಾರು ಕೊಟ್ಟರು, ಸತ್ತವನ ಜಾಗಕ್ಕೆ ಯಾರು ಬಂದರು ಎಂಬುದು ಗೊತ್ತಾಗುವುದಿಲ್ಲ. ಅರವತ್ತು ದಾಟಿದ ಒಬ್ಬ ಮದರಸಾ ಮೇಷ್ಟ್ರು ವಿಮಾನ, ಕವಚದ ಕಾರು, ವೈರ್‌ಲೆಸ್ ಎಲ್ಲವೂ ಇದ್ದ ಸೈನ್ಯದ ಎದುರು 1923ರಿಂದ 1931ರವರೆಗೆ ಹೇಗೆ ನಿಂತರು? ಲೇಖನ ಈ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಉತ್ತರ ಸರಿಯಾಗಿ ಬಂದರೆ ಅವರು ಕೊನೆಗೆ ಸಿಕ್ಕಿಬಿದ್ದದ್ದು ಯಾಕೆ ಎಂಬುದೂ ಅದರೊಳಗೇ ಸಿಗುತ್ತದೆ.

ಮೊದಲು ನಕ್ಷೆ ಬಿಡಿಸು, ಆಮೇಲೆ ಬರೆ. ಲಿಬಿಯಾದ ಪೂರ್ವಭಾಗ ಸಿರೆನೈಕಾ, ಅರಬ್ಬಿಯಲ್ಲಿ ಬರ್ಕಾ. ಅದರ ಉತ್ತರದಲ್ಲಿ ಸಮುದ್ರಕ್ಕೆ ಅಂಟಿಕೊಂಡಂತೆ ಜಬಲ್ ಅಲ್-ಅಖ್ದರ್, ಅಂದರೆ ಹಸಿರು ಬೆಟ್ಟ. ‘ಮರುಭೂಮಿಯ ಯುದ್ಧ’ ಎಂದು ಬರೆದಿದ್ದೀಯಲ್ಲ, ಅದು ದೊಡ್ಡ ತಪ್ಪು. ಹೋರಾಟದ ಹೆಚ್ಚಿನ ಪಾಲು ನಡೆದದ್ದು ಈ ಬೆಟ್ಟದ ಪೊದೆಕಾಡು, ಗುಹೆ, ಆಳವಾದ ಕಣಿವೆಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಮಳೆ ಬೀಳುತ್ತದೆ, ಬಾರ್ಲಿ ಬೆಳೆಯುತ್ತದೆ, ಕುರಿ ಮೇಯುತ್ತವೆ. ಮರಳುಗಾಡು ಇರುವುದು ಅದರ ದಕ್ಷಿಣಕ್ಕೆ. ನಕ್ಷೆಯಲ್ಲಿ ಐದಾರು ಊರುಗಳನ್ನು ಗುರುತಿಸು: ಬೆಂಗಾಜಿ, ಅಲ್-ಮರ್ಜ್, ಸ್ಲೊಂಟಾ, ಜಗ್ಬೂಬ್, ದೂರ ದಕ್ಷಿಣದ ಕುಫ್ರಾ, ಈಜಿಪ್ಟ್ ಗಡಿಯ ಸಲ್ಲೂಮ್. ಹೆಸರುಗಳಲ್ಲಿ ಎಚ್ಚರ. ಇಟಲಿಯವರು ಜಗ್ಬೂಬನ್ನು ಜರಬೂಬ್ ಎಂದೂ ಸುಲೂಕನ್ನು ಸೊಲೂಕ್ ಎಂದೂ ಬರೆದಿದ್ದಾರೆ. ನಿನ್ನ ಕರಡಿನಲ್ಲಿ ಒಂದೇ ಊರು ಎರಡು ಹೆಸರು ಹೊತ್ತು ಎರಡು ಊರಾಗಿದೆ. ಅರಬ್ಬಿ ಹೆಸರನ್ನೇ ಇಟ್ಟುಕೋ, ಮೊದಲಿಂದ ಕೊನೆವರೆಗೆ ಅದೇ ಇರಲಿ.

ಇನ್ನು ಝಾವಿಯಾ. ನೀನು ‘ಮಠ’ ಎಂದು ಒಂದೇ ಪದದಲ್ಲಿ ಮುಗಿಸಿದ್ದೀಯ. ಸನೂಸಿ ಎಂಬ ಸೂಫಿ ಪಂಥವನ್ನು ಕಟ್ಟಿದ ಮುಹಮ್ಮದ್ ಬಿನ್ ಅಲಿ ಅಸ್-ಸನೂಸಿ ಅಲ್ಜೀರಿಯಾದವರು. ಸಿರೆನೈಕಾದಲ್ಲಿ ಅವರ ಮೊದಲ ಝಾವಿಯಾ ಎದ್ದದ್ದು 1843ರಲ್ಲಿ, ಅಲ್-ಬೈದಾದಲ್ಲಿ. ಒಂದು ಝಾವಿಯಾ ಎಂದರೆ ಮಸೀದಿ, ಮಕ್ಕಳ ಪಾಠಶಾಲೆ, ದಾರಿಹೋಕರಿಗೆ ತಂಗುವ ಕೋಣೆ, ದವಸದ ಉಗ್ರಾಣ, ಬಾವಿ, ಉಳುವ ಭೂಮಿ, ಮೇಲೆ ಅದರ ಶೇಖರು, ಅಂದರೆ ಮುಖ್ಯಸ್ಥರು, ಕೂತು ಕಬೀಲೆಗಳ (ಬುಡಕಟ್ಟುಗಳ) ಜಗಳ ತೀರಿಸುವ ಜಾಗ. ಅವುಗಳನ್ನು ಕಟ್ಟುತ್ತಿದ್ದದ್ದು ಒಂಟೆ ಸಾಲುಗಳ ದಾರಿಯಲ್ಲಿ, ಕಬೀಲೆ ಕಬೀಲೆ ಕೂಡುವ ಕಡೆ. ಮಿನಿಫಾ ಕಬೀಲೆಯ ಉಮರ್ ಓದಿದ್ದು ಜಗ್ಬೂಬಿನಲ್ಲಿ. ಶೇಖರಾಗಿ ಕೂತದ್ದು ಅಲ್-ಮರ್ಜ್ ಹತ್ತಿರದ ಅಲ್-ಕುಸೂರ್ ಝಾವಿಯಾದಲ್ಲಿ. ಚಾಡ್ ಕಡೆ ಫ್ರೆಂಚರ ವಿರುದ್ಧವೂ ಅವರು ಹೋರಾಡಿದ್ದರು. ಅಂದರೆ ಯುದ್ಧಕ್ಕೆ ಮುಂಚೆ ಎಷ್ಟೋ ವರ್ಷ ಅವರ ದಿನನಿತ್ಯದ ಕೆಲಸ ದವಸ ಅಳೆಯುವುದು, ವ್ಯಾಜ್ಯ ತೀರಿಸುವುದು, ಯಾವ ಕಬೀಲೆಗೆ ಯಾವುದರ ಮೇಲೆ ಮುನಿಸು ಎಂದು ತಿಳಿದಿರುವುದು. ಗೆರಿಲ್ಲಾ ನಾಯಕನಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಯಾವ ಸೈನಿಕ ಶಾಲೆಯಲ್ಲೂ ಸಿಗದು. ಈ ಭಾಗವನ್ನು ಹಿಗ್ಗಿಸಿ ಬರೆ.

ಕಾಲಾನುಕ್ರಮದಲ್ಲಿ ಒಂದು ಗಂಟು ಇದೆ, ಅದನ್ನು ಬಿಡಿಸು. ಇಟಲಿ ಬಂದದ್ದು 1911ರಲ್ಲಿ; ಅಲ್ಲಿಯವರೆಗೆ ಲಿಬಿಯಾವನ್ನು ಆಳುತ್ತಿದ್ದ ತುರ್ಕರು 1912ರ ಅಕ್ಟೋಬರಿನ ಒಪ್ಪಂದದಲ್ಲಿ ಕೈ ತೊಳೆದುಕೊಂಡರು. ಆಮೇಲೂ ಸನೂಸಿಗಳು ಕಾದಾಡಿದರು. 1917ರಲ್ಲಿ ಕದನವಿರಾಮ, 1920ರಲ್ಲಿ ಸನೂಸಿ ಮುಖ್ಯಸ್ಥ ಇದ್ರೀಸರಿಗೆ ಅಮೀರ್ ಪಟ್ಟ ಕೊಟ್ಟ ರಾಜಿ. 1922ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಮುಸೊಲಿನಿ ಅಧಿಕಾರ ಹಿಡಿದ. ಆ ವರ್ಷದ ಕೊನೆಗೆ ಇದ್ರೀಸ್ ಈಜಿಪ್ಟಿಗೆ ಹೊರಟರು. 1923ರಲ್ಲಿ ಇಟಲಿ ರಾಜಿಯನ್ನು ಮುರಿಯಿತು, ಬೆಟ್ಟದ ಯುದ್ಧದ ಭಾರ ಉಮರ್ ಹೆಗಲಿಗೆ ಬಿತ್ತು. ನೀನು 1911ರಿಂದ ‘ಇಪ್ಪತ್ತು ವರ್ಷ ಎಡೆಬಿಡದ ಯುದ್ಧ’ ಎಂದಿದ್ದೀಯ. ನಡುವೆ ರಾಜಿಯ ವರ್ಷಗಳಿದ್ದವು. ಅವನ್ನು ಮರೆಮಾಚಿದರೆ ಫ್ಯಾಸಿಸ್ಟರು ಬಂದ ಮೇಲೆ ಏನು ಬದಲಾಯಿತು ಎಂಬುದೇ ಕಾಣದು.

ಈಗ ಮುಖ್ಯ ವಿಷಯಕ್ಕೆ ಬಾ. ಹೋರಾಟಗಾರರ ತುಕಡಿಗೆ ‘ದೋರ್’ ಎನ್ನುತ್ತಿದ್ದರು, ಬಹುವಚನ ‘ಅದ್ವಾರ್’. ಒಂದೊಂದು ದೋರ್‌ನಲ್ಲಿ ಸುಮಾರು ನೂರರಿಂದ ಮುನ್ನೂರು ಜನ. ಬರಾಅಸ, ಅಬೀದ್, ಅಬೈದಾತ್, ಹೀಗೆ ಕಬೀಲೆಯ ಹೆಸರೇ ದೋರ್‌ಗೂ ಇರುತ್ತಿತ್ತು, ಯಾಕೆಂದರೆ ಅದನ್ನು ಸಾಕುವ ಹೊಣೆ ಆ ಕಬೀಲೆಯದು. ಇಷ್ಟು ಜನ ಕೊಡಬೇಕು, ಅವರ ಊಟ, ಸವಾರಿಯ ಪ್ರಾಣಿ ಒದಗಿಸಬೇಕು, ಒಬ್ಬ ಸತ್ತರೆ ಬದಲಿಗೆ ಇನ್ನೊಬ್ಬನನ್ನು ಕಳಿಸಬೇಕು. ಪ್ರತಿ ದೋರ್‌ಗೂ ತುರ್ಕಿ ಸೈನ್ಯದ ಮಾದರಿಯ ಅಧಿಕಾರಿಗಳಿದ್ದರು, ಖಾಜಿ ಇದ್ದರು. ಹಣ ಬರುತ್ತಿದ್ದದ್ದು ಉಶ್ರ್‌ನಿಂದ, ಅಂದರೆ ಬೆಳೆ ಮತ್ತು ಜಾನುವಾರಿನ ಮೇಲೆ ಹತ್ತರಲ್ಲೊಂದು ಪಾಲಿನ ತೆರಿಗೆಯಿಂದ. ಬೆಟ್ಟದ ಕುರಿ ಈಜಿಪ್ಟಿಗೆ ಹೋಗಿ ಅಲ್ಲಿಂದ ಚಹಾ, ಸಕ್ಕರೆ, ಬಟ್ಟೆ, ಮದ್ದುಗುಂಡು ವಾಪಸು ಬರುತ್ತಿದ್ದವು. ಬಂದೂಕುಗಳಲ್ಲಿ ತುರ್ಕರು ಬಿಟ್ಟುಹೋದವೂ ಇಟಲಿಯವರಿಂದಲೇ ಕಸಿದುಕೊಂಡವೂ ಇದ್ದವು. ಒಂದು ಹೊತ್ತಿಗೆ ಹೋರಾಡುವವರು ಹೆಚ್ಚೆಂದರೆ ಎರಡು ಮೂರು ಸಾವಿರ. ಅವರ ಬೆನ್ನಿಗಿದ್ದ ಇಡೀ ಬೆಟ್ಟದ ಜನ ಅದರ ಹಲವು ಪಟ್ಟು.

ಆ ಜನರಲ್ಲಿ ಬಹಳಷ್ಟು ಮಂದಿ ಇಟಲಿಯ ಕಾಗದದಲ್ಲಿ ‘ಶರಣಾದವರು’. ಹಗಲು ಇಟಲಿಯ ಪಡಿತರ ತೆಗೆದುಕೊಳ್ಳುತ್ತಿದ್ದರು, ರಾತ್ರಿ ಉಮರ್ ಕಡೆಯವರಿಗೆ ಉಶ್ರ್ ಕೊಡುತ್ತಿದ್ದರು. ಶರಣಾದ ಕುಟುಂಬದ ಒಬ್ಬ ಮಗ ದೋರ್‌ನಲ್ಲಿ, ಇನ್ನೊಬ್ಬ ಮನೆಯ ಡೇರೆಯಲ್ಲಿ. ಇದನ್ನು ದ್ರೋಹ ಎಂದೂ ಬರೆಯಬೇಡ, ಕಪಟ ಎಂದೂ ಬರೆಯಬೇಡ. ಹೋರಾಟ ಉಸಿರಾಡಿದ್ದು ಇದರಿಂದಲೇ. ಇಟಲಿಯ ಕಡೆ ನಿಂತ ಸಿಪಾಯಿಗಳಲ್ಲೂ ಬಹುಪಾಲು ಎರಿಟ್ರಿಯಾದವರು, ಲಿಬಿಯಾದವರು ಎಂಬುದನ್ನು ಬಿಡಬೇಡ. ಕೊನೆಗೆ ಉಮರ್ ಅವರನ್ನು ಹಿಡಿದ ಕುದುರೆ ಪಡೆಯಲ್ಲೂ ಲಿಬಿಯಾದವರೇ ಇದ್ದರು. ಕಹಿ ಸತ್ಯ, ಆದರೂ ಬರೆಯಲೇಬೇಕು.

1929ರ ಮಾತುಕತೆಗೆ ಒಂದು ಪ್ಯಾರಾ ಸಾಕು. ಜೂನ್‌ನಲ್ಲಿ ಅಲ್-ಮರ್ಜ್ ಹತ್ತಿರದ ಸೀದಿ ರಹೂಮಾದಲ್ಲಿ ಇಟಲಿಯ ಗವರ್ನರ್ ಬದೋಲ್ಯೋ ಮತ್ತು ಉಮರ್ ಎದುರುಬದುರು ಕೂತರು. ಇಟಲಿಯವರು ‘ಮುಖ್ತಾರ್ ಶರಣಾದ’ ಎಂದು ಸಾರಿದರು. ಉಮರ್ ಅದನ್ನು ಒಪ್ಪಲಿಲ್ಲ. ನವೆಂಬರ್ ಹೊತ್ತಿಗೆ ಮತ್ತೆ ಗುಂಡು ಹಾರಿತು.

ಮುಂದಿನ ಎರಡು ವರ್ಷಕ್ಕೆ ಜಾಸ್ತಿ ಜಾಗ ಕೊಡು. 1930ರ ಮಾರ್ಚಿನಲ್ಲಿ ಇಟಲಿಯ ಜನರಲ್ ಗ್ರಾಟ್ಸಿಯಾನಿ ಸಿರೆನೈಕಾದ ಉಪ-ಗವರ್ನರ್ ಆಗಿ ಬಂದ. ಅವನು ದೋರ್‌ಗಳ ಬೆನ್ನು ಹತ್ತಿ ಓಡಾಡುವುದರಲ್ಲೇ ಕಾಲ ಕಳೆಯಲಿಲ್ಲ, ಅವುಗಳ ಬೇರಿಗೆ ಕೈ ಹಾಕಿದ. ಶರಣಾದವರ ಬಂದೂಕುಗಳನ್ನು ಕಸಿದ. ಝಾವಿಯಾಗಳನ್ನು ಮುಚ್ಚಿ ಭೂಮಿ, ಉಗ್ರಾಣ ಮುಟ್ಟುಗೋಲು ಹಾಕಿ, ಶೇಖರನ್ನು ಇಟಲಿಯ ಉಸ್ತಿಕಾ ದ್ವೀಪಕ್ಕೆ ಗಡೀಪಾರು ಮಾಡಿದ. ವಿಮಾನದಲ್ಲಿ ಬಂದಿಳಿದು ಅಲ್ಲೇ ವಿಚಾರಣೆ, ಅಲ್ಲೇ ತೀರ್ಪು ಮುಗಿಸುವ ನ್ಯಾಯಮಂಡಳಿ ಮಾಡಿದ. ಹೋರಾಟಗಾರರ ಸಂಪರ್ಕಕ್ಕೆ ಮರಣದಂಡನೆ. 1930ರ ಜೂನ್ 20ರ ಪತ್ರದಲ್ಲಿ ಬದೋಲ್ಯೋ ಅವನಿಗೆ ಬರೆದ ಮಾತಿನ ತಾತ್ಪರ್ಯ: ಹೋರಾಟಗಾರರಿಗೂ ಜನರಿಗೂ ನಡುವೆ ದೊಡ್ಡ ಅಂತರ ಮಾಡಬೇಕು, ಸಿರೆನೈಕಾದ ಜನರೆಲ್ಲ ನಾಶವಾದರೂ ಸರಿ, ಕೊನೆವರೆಗೆ ಹೋಗಬೇಕು. ಈ ಪತ್ರ ನಿನ್ನ ಕರಡಿನಲ್ಲಿ ಇಲ್ಲ. ಇದಿಲ್ಲದೆ ಮುಂದಿನದು ಯಾರೋ ಕೆಳಗಿನ ಅಧಿಕಾರಿಯ ಕ್ರೌರ್ಯದಂತೆ ಕಾಣುತ್ತದೆ. ಅದು ಮೇಲಿನಿಂದ ಬಂದ ನೀತಿ.

ಆಮೇಲೆ ಬೆಟ್ಟವನ್ನೇ ಖಾಲಿ ಮಾಡಿಸಿದರು. ಸುಮಾರು 1,00,000 ಜನರನ್ನು ಜಾನುವಾರು ಸಮೇತ ನಡೆಸಿಕೊಂಡು ಹೋಗಿ ಸುಲೂಕ್, ಅಲ್-ಮಗ್ರೂನ್, ಬ್ರೇಗಾ, ಅಘೈಲಾ ಮೊದಲಾದ ಕಡೆ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದರು. ಕೆಲವು ಕಬೀಲೆಗಳು ನಡೆದ ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು. ಮೇವಿಲ್ಲದೆ ಕುರಿ ಒಂಟೆಗಳು ಸತ್ತವು; ಅಲೆಮಾರಿಗೆ ಕುರಿಯೇ ಊಟ, ಬಟ್ಟೆ, ಡೇರೆ, ಹಣ ಎಲ್ಲವೂ, ಹಾಗಾಗಿ ಮಂದೆ ಸತ್ತ ಮೇಲೆ ಮನುಷ್ಯರೂ ಹಸಿವು, ಟೈಫಸ್ ಜ್ವರಕ್ಕೆ ಬಲಿಯಾದರು. ಸತ್ತವರ ಲೆಕ್ಕ ಬರೆಯುವಾಗ ಒಂದೇ ಅಂಕಿ ಕೊಟ್ಟು ಸುಮ್ಮನಾಗಬೇಡ. ಇತಿಹಾಸಕಾರರ ಅಂದಾಜು 40,000ದಿಂದ 70,000ದವರೆಗೆ ಇದೆ. ದಾರಿಯಲ್ಲಿ ಸತ್ತವರನ್ನು, ಈಜಿಪ್ಟಿಗೆ ಓಡಿಹೋದವರನ್ನು ಸೇರಿಸಿದ್ದಾರೋ ಬಿಟ್ಟಿದ್ದಾರೋ ಎಂಬುದರ ಮೇಲೆ ಅಂಕಿ ಏರುಪೇರಾಗುತ್ತದೆ. ನೀನು ಎತ್ತಿಕೊಂಡ ಐದು ಲಕ್ಷದ ಅಂಕಿ ತೆಗೆದುಬಿಡು. ಆಗ ಸಿರೆನೈಕಾದ ಒಟ್ಟು ಜನಸಂಖ್ಯೆಯೇ ಅಷ್ಟಿರಲಿಲ್ಲ. ಉಬ್ಬಿಸಿದ ಒಂದು ಅಂಕಿ ಸಿಕ್ಕರೆ ಸಾಕು, ಶಿಬಿರಗಳೇ ಇರಲಿಲ್ಲ ಎನ್ನುವವರು ಅದನ್ನೇ ಹಿಡಿದುಕೊಳ್ಳುತ್ತಾರೆ.

1931ರ ಜನವರಿಯಲ್ಲಿ ಕುಫ್ರಾ ಬಿತ್ತು, ದಕ್ಷಿಣದ ದಾರಿ ಮುಚ್ಚಿತು. ಪೂರ್ವಕ್ಕೆ ಈಜಿಪ್ಟ್ ಗಡಿಯುದ್ದಕ್ಕೂ ಸಮುದ್ರದಿಂದ ಜಗ್ಬೂಬಿನವರೆಗೆ ಸುಮಾರು 270 ಕಿಲೋಮೀಟರ್ ಮುಳ್ಳುತಂತಿಯ ಬೇಲಿ ಎಳೆದರು. ಬೇಲಿಯೊಂದೇ ಆಗಿದ್ದರೆ ರಾತ್ರಿ ಕತ್ತರಿಸಿ ದಾಟಬಹುದಿತ್ತು. ಅದರುದ್ದಕ್ಕೂ ಠಾಣೆ, ಟೆಲಿಫೋನ್, ಗಸ್ತಿನ ಕಾರು, ಮೇಲೆ ವಿಮಾನ ಇದ್ದದ್ದರಿಂದ ಕತ್ತರಿಸಿದ ಜಾಗಕ್ಕೆ ಸೈನಿಕರು ಬೇಗ ಬರುತ್ತಿದ್ದರು. ಬೇಲಿ ಮುಗಿದದ್ದು ಸೆಪ್ಟೆಂಬರ್ ಮೊದಲಲ್ಲಿ. ಉಮರ್ ಸ್ಲೊಂಟಾ ಬಳಿ ಸಿಕ್ಕಿಬಿದ್ದದ್ದು ಸೆಪ್ಟೆಂಬರ್ 11ಕ್ಕೆ. ಈ ಎರಡು ತಾರೀಖನ್ನು ಒಂದೇ ಪ್ಯಾರಾದಲ್ಲಿಡು. ಅಷ್ಟು ಹೊತ್ತಿಗೆ ಜೊತೆಗಿದ್ದವರು ಬೆರಳೆಣಿಕೆ, ಕುದುರೆಗಳು ಬಡಕಲು, ಗುಂಡು ಎಣಿಸಿ ಹಾರಿಸುವ ಸ್ಥಿತಿ. ಅವರ ಕುದುರೆ ಗುಂಡಿಗೆ ಬಿತ್ತು, ಅವರಿಗೂ ಗಾಯವಾಯಿತು, ಬದಲಿ ಕುದುರೆ ಇರಲಿಲ್ಲ.

ವಿಚಾರಣೆ ಬೆಂಗಾಜಿಯಲ್ಲಿ ಸೆಪ್ಟೆಂಬರ್ 15ರ ಸಂಜೆ, ಸ್ವಲ್ಪವೇ ಹೊತ್ತು. ಉಮರ್ ಪರ ವಕೀಲರಾಗಿ ನೇಮಿಸಿದ್ದ ಇಟಲಿಯ ಕ್ಯಾಪ್ಟನ್ ರೊಬೆರ್ತೊ ಲೊಂತಾನೊ, ಇವರು ದಂಗೆಕೋರರಲ್ಲ, ಶತ್ರುಪಕ್ಷದ ಯೋಧರು ಎಂದು ವಾದಿಸಿ, ಆ ವಾದಕ್ಕಾಗಿ ತಾವೇ ಶಿಕ್ಷೆ ಅನುಭವಿಸಿದರು. ಈ ಸಂಗತಿಯನ್ನು ಖಂಡಿತ ಸೇರಿಸು. ನೀನು ಬಳಸಿದ ‘ಬಂಡಾಯಗಾರ’ ಎಂಬ ಪದವನ್ನು ತೆಗೆಯಲು ಇದಕ್ಕಿಂತ ಬೇರೆ ಕಾರಣ ಬೇಡ. ಅದು ಇಟಲಿಯ ಕಡತದ ಪದ. ಮಾರನೆಯ ದಿನ, 16ಕ್ಕೆ, ಸುಲೂಕ್ ಶಿಬಿರದಲ್ಲಿ ಸುಮಾರು 20,000 ಬಂದಿಗಳನ್ನು ನಿಲ್ಲಿಸಿ ಅವರೆದುರು ಗಲ್ಲಿಗೇರಿಸಿದರು. ವಯಸ್ಸು ಎಪ್ಪತ್ತರ ಆಸುಪಾಸು ಎಂದು ಬರೆ. ಹುಟ್ಟಿದ ವರ್ಷ 1858 ಎಂದು ಕೆಲವರು, 1862 ಎಂದು ಕೆಲವರು ಹೇಳುತ್ತಾರೆ.

ಉದ್ಧರಣೆಗಳ ಬಗ್ಗೆ ಕಟ್ಟುನಿಟ್ಟಾಗಿರು. ಮೊಬೈಲಿನಲ್ಲಿ ಅವರ ಫೋಟೊದ ಕೆಳಗೆ ತಿರುಗಾಡುವ ಮಾತುಗಳೆಲ್ಲ ಅವರವಲ್ಲ. ಅವರ ಬಗ್ಗೆ ಬಂದ 1981ರ ಸಿನಿಮಾದ ಸಂಭಾಷಣೆಯೂ ಅವರ ಮಾತೆಂದು ಓಡಾಡುತ್ತಿದೆ. ಪ್ರತಿ ಮಾತಿಗೂ ಯಾರು ಕೇಳಿದರು, ಯಾವ ಭಾಷೆಯಲ್ಲಿ, ಯಾವಾಗ ಬರೆದಿಟ್ಟರು ಎಂದು ಕೇಳು. ಸೆರೆಯಲ್ಲಿದ್ದಾಗಿನ ಪ್ರಶ್ನೋತ್ತರ ಬಹುತೇಕ ಗ್ರಾಟ್ಸಿಯಾನಿಯ ಲೇಖನಿಯಿಂದಲೇ ಬಂದದ್ದು, ದುಭಾಷಿಯ ಮೂಲಕ. ಬಳಸಬಹುದು, ಆದರೆ ‘ಗ್ರಾಟ್ಸಿಯಾನಿ ಬರೆದ ಪ್ರಕಾರ’ ಎಂದು ಸೇರಿಸಿಯೇ ಬಳಸು.

ಕೊನೆಯದಾಗಿ, ಲೇಖನವನ್ನು ನೇಣುಗಂಬದ ಬಳಿ ನಿಲ್ಲಿಸಿದ್ದೀಯ. ಅಲ್ಲಿ ನಿಲ್ಲಿಸಬೇಡ. ಅವರ ಜಾಗಕ್ಕೆ ಬಂದ ಯೂಸುಫ್ ಬುರಹೀಲ್ ಡಿಸೆಂಬರಿನಲ್ಲಿ ಈಜಿಪ್ಟ್ ಗಡಿಯ ಕಡೆ ಕಾದಾಡುತ್ತ ಸತ್ತರು. 1932ರ ಜನವರಿ 24ಕ್ಕೆ ಬದೋಲ್ಯೋ ಯುದ್ಧ ಮುಗಿಯಿತು ಎಂದು ಸಾರಿದ. ಶಿಬಿರಗಳು ಮಾತ್ರ ಆಗಲೂ ತುಂಬಿದ್ದವು. ಕೊನೆಯವು ಖಾಲಿಯಾಗುವಾಗ 1933 ಬಂದಿತ್ತು. ಹೊರಬಂದವರಿಗೆ ಮರಳಿ ಹೋಗಲು ಮಂದೆ ಇರಲಿಲ್ಲ, ಬೆಟ್ಟದ ಒಳ್ಳೆಯ ನೆಲ ಇಟಲಿಯ ವಲಸಿಗರ ಪಾಲಾಗುತ್ತಿತ್ತು. ಅಲ್ಲಿಯವರೆಗೂ ಬರೆದು, ನಕ್ಷೆಯನ್ನೂ ಜೊತೆಗಿಟ್ಟು ಎರಡನೇ ಕರಡು ಕಳಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ